ಮೆಚ್ಚಿದ ಚಿತ್ರ, ನಿರಾಶೆಗೊಳಿಸಿದ ಚಿತ್ರ



ಚಲಚ್ಚಿತ್ರಗಳ ವಿಷಯವಾಗಿ ಉಪನ್ಯಾಸ ಮಾಡುವವರು ಬಹುಮಟ್ಟಿಗೆ ನಟನಟಿಯರನ್ನೋ ನಿರ್ದೇಶಕರನ್ನೋ ಕುರಿತು ಹೇಳುವುದು ವಾಡಿಕೆ. ನಾವು ಈ ಹೊತ್ತು ಹೇಳಬೇಕೆಂದಿರುವುದು ಪ್ರೇಕ್ಷಕನ ವಿಷಯ; ಅದರಲ್ಲಿಯೂ, ಆಟ ಮುಗಿದು ದೀಪ ಹತ್ತಿದ ಮೇಲೆ ಆತನು ತನ್ನ ಜೊತೆಗಾರರೊಡನೆ ಆಡುವ ಮಾತಿನ ವಿಷಯ. ಯಾವ ಚಿತ್ರ ಮನಸ್ಸಿಗೆ ಹಿಡಿಸಿತು, ಯಾವುದು ಬಹಳ ಆಸೆ ಹುಟ್ಟಿಸಿ ಕಡೆಗೆ ನಿರಾಶೆಗೊಳಿಸಿತು, ಎಂಬ ಚರ್ಚೆ ಮೇಲುನೋಟಕ್ಕೆ ಕೆಲಸವಿಲ್ಲದವರ ಹರಟೆಯಂತೆ ಕಂಡೀತು. ಆದರೆ ಆ ಹರಟೆಯಲ್ಲಿ ಒಂದು ವಿವೇಕವುಂಟು, ಒಂದು ನ್ಯಾಯಬುದ್ಧಿಯೂ ಉಂಟು. ಅವೆರಡನ್ನೂ ಕಲಿಯುವುದಕ್ಕೆ ಬೆಳಗಾವಿ ಜಿಲ್ಲೆಯ ಉತ್ತರದ ಅಂಚಿನ ನಮ್ಮ ಸೀಮೆ, ಎಂದರೆ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ನಾಡು, ಒಂದು ಒಳ್ಳೆಯ ಪಾಠಶಾಲೆಯಾಗಿದೆಯೆಂಬುದು ನಮ್ಮ ನಂಬಿಕೆ.

ಈ ಸೀಮೆಯ ಪ್ರೇಕ್ಷಕನಿಗೆ ಒಂದು ವಿಶೇಷವಾದ ಅನುಕೂಲವುಂಟು. ನಿಪ್ಪಾಣಿಯಿಂದ ಕೊಲ್ಲಾಪುರ ಸುಮಾರು 40 ಕಿಲೋಮೀಟರು. ಕಾಗವಾಡದವರಿಗೆ ಮೀರಜ ಅದಕ್ಕಿಂತಲೂ ಹತ್ತಿರ. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ. ಮತ್ತೊಂದು ಮನೆಯಲ್ಲಿ ಮರಾಠಿ, ಹೊಲದಲ್ಲಿ ಕನ್ನಡ. ಹೀಗೆ ಎರಡು ನುಡಿಗಳ ನಡುವೆ ಬೆಳೆದವನು ಎರಡು ನುಡಿಗಳ ಚಿತ್ರಗಳನ್ನೂ ಯಾರ ಭಾಷಾಂತರವೂ ಬೇಡದೆ ನೋಡಬಲ್ಲನು. ಒಂದೇ ಕಥೆಯನ್ನು ಎರಡು ತಕ್ಕಡಿಗಳಲ್ಲಿ ತೂಗಿ ನೋಡುವ ಅವಕಾಶ ಬೆಂಗಳೂರಿನ ರಸಿಕನಿಗಿಂತಲೂ ಪುಣೆಯ ರಸಿಕನಿಗಿಂತಲೂ ಇವನಿಗೆ ಹೆಚ್ಚು.

ಅನುಕೂಲದ ಜೊತೆಗೆ ಒಂದು ತೊಡಕೂ ಉಂಟು. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾಗಿ ಬೆಳಗಾವಿ ಜಿಲ್ಲೆ ಮುಂಬಯಿ ರಾಜ್ಯವನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿತು. ಅಂದಿನಿಂದ ಮೊದಲಾದ ಗಡಿಯ ವ್ಯಾಜ್ಯ 2004ರಲ್ಲಿ ಸುಪ್ರೀಂ ಕೋರ್ಟಿನ ಮೆಟ್ಟಿಲನ್ನೂ ಹತ್ತಿತು. ಇಂತಹ ನೆಲದಲ್ಲಿ, "ಆ ಮರಾಠಿ ಚಿತ್ರ ನಮ್ಮದಕ್ಕಿಂತ ಚೆನ್ನಾಗಿದೆ" ಎಂದು ಕನ್ನಡಿಗನು ಹೇಳಿದರೂ, "ಈ ಕನ್ನಡದ ಚಿತ್ರ ನಮ್ಮದಕ್ಕಿಂತ ಮೇಲು" ಎಂದು ಮರಾಠಿಗನು ಹೇಳಿದರೂ, ಪಕ್ಕದಲ್ಲಿ ಕುಳಿತವನು ಹುಬ್ಬುಗಂಟಿಕ್ಕುವ ಸಂಭವವಿದೆ. ರುಚಿಯ ಮಾತು ನಿಷ್ಠೆಯ ಮಾತಾಗಿಬಿಡುವ ಅಪಾಯವಿದು. ಆದಕಾರಣವೇ ಇಲ್ಲಿ ನಿಷ್ಪಕ್ಷಪಾತವಾಗಿ ಒಂದು ಚಿತ್ರವನ್ನು ಹೊಗಳುವುದೂ ತೆಗಳುವುದೂ ಬರಿಯ ಕಾಲಹರಣವಲ್ಲ. ಅದು ನೆರೆಹೊರೆಯವರು ಒಬ್ಬರನ್ನೊಬ್ಬರು ನಂಬುವ ಒಂದು ಬಗೆ.

ಮೊದಲು ಇತಿಹಾಸವನ್ನು ಸ್ವಲ್ಪ ನೋಡೋಣ. ಕೊಲ್ಲಾಪುರ ಸಂಸ್ಥಾನದಲ್ಲಿ ಚಿತ್ರಕಲಾವಿದರಾದ ಬಾಬುರಾವ್ ಪೇಂಟರರು ಮಹಾರಾಷ್ಟ್ರ ಫಿಲ್ಮ್ ಕಂಪನಿಯನ್ನು ಕಟ್ಟಿ 1920ರಲ್ಲಿ 'ಸೈರಂಧ್ರಿ' ಎಂಬ ಮೂಕಚಿತ್ರವನ್ನು ಹೊರತಂದರು. ಅವರ ಕೈಕೆಳಗೆ ಪಳಗಿದ ಶಾಂತಾರಾಮ್, ದಾಮ್ಲೆ, ಫತ್ತೇಲಾಲ್ ಮೊದಲಾದವರು 1929ರಲ್ಲಿ ಪ್ರಭಾತ್ ಕಂಪನಿಯನ್ನು ಅದೇ ಊರಿನಲ್ಲಿ ಸ್ಥಾಪಿಸಿದರು. 1932ರಲ್ಲಿ ಪ್ರಭಾತ್‌ನವರು 'ಅಯೋಧ್ಯೇಚಾ ರಾಜಾ' ಎಂಬ ವಾಕ್ಚಿತ್ರವನ್ನು ಕೊಟ್ಟು, ಮರುವರ್ಷ ಪುಣೆಗೆ ಬಿಡಾರ ಬದಲಾಯಿಸಿದರು. ಆಗ ರಾಯಬಾಗವೂ ಕೊಲ್ಲಾಪುರದ ಅರಸರ ಆಳಿಕೆಗೆ ಸೇರಿದ ಊರು. ಆದುದರಿಂದ ಈ ಚಿತ್ರಗಳು ನಮ್ಮ ಸೀಮೆಯವರಿಗೆ ಪರದೇಶದ ಸರಕಾಗಿರಲಿಲ್ಲ; ಪಕ್ಕದ ಸಂತೆಯಿಂದ ಬಂದ ಸಾಮಾನಿನಷ್ಟು ಬಳಕೆಯವಾಗಿದ್ದುವು.

ಕನ್ನಡಿಗರು ಮರೆಯಬಾರದ ಸಂಗತಿ ಇನ್ನೊಂದಿದೆ. ಕನ್ನಡದ ಮೊತ್ತಮೊದಲನೆಯ ವಾಕ್ಚಿತ್ರವಾಗಿ ತೆರೆ ಕಂಡ 'ಸತೀ ಸುಲೋಚನಾ' ತಯಾರಾದದ್ದೂ ಕೊಲ್ಲಾಪುರದ ಛತ್ರಪತಿ ಸ್ಟುಡಿಯೋದಲ್ಲಿಯೇ. ವೈ. ವಿ. ರಾವ್ ಅವರು ನಿರ್ದೇಶಿಸಿ, ಸುಬ್ಬಯ್ಯನಾಯ್ಡು, ನಾಗೇಂದ್ರರಾವ್, ತ್ರಿಪುರಾಂಬಾ ಮೊದಲಾದವರು ಅಭಿನಯಿಸಿದ ಆ ಚಿತ್ರ 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ಪ್ರದರ್ಶಿತವಾಯಿತು. ಕನ್ನಡ ಮಾತು ತೆರೆಯ ಮೇಲೆ ಹುಟ್ಟಿದ್ದು ಮರಾಠಿಗರ ಸೂಲಗಿತ್ತಿತನದಿಂದ ಎಂದರೆ ತಪ್ಪಾಗಲಾರದು. ದುಃಖದ ಮಾತೆಂದರೆ, ಇಂದು ಆ ಚಿತ್ರದ ಒಂದು ಪ್ರತಿಯೂ ಉಳಿದಿಲ್ಲ. ನಮಗೆ ಅದು ಮೆಚ್ಚಿಕೆಯಾಗುತ್ತಿತ್ತೆ, ಬೇಸರ ತರುತ್ತಿತ್ತೆ ಎಂಬುದನ್ನು ಈಗ ಯಾರೂ ನಿರ್ಣಯಿಸಲಾರರು. ಫಿಲ್ಮು ನಾಶವಾದ ಮೇಲೆ ಉಳಿಯುವುದು ನೋಡಿದವರ ಮಾತೊಂದೇ. ಆ ಮಾತು "ಚೆನ್ನಾಗಿತ್ತು" ಎಂಬಷ್ಟರಲ್ಲಿಯೇ ಮುಗಿದಿದ್ದರೆ ಮುಂದಿನವರಿಗೆ ದೊರೆಯುವುದೇನು?

ನಮ್ಮ ಕಡೆ ಆಟ ಬಿಟ್ಟ ಮೇಲೆ ಚಹದ ಅಂಗಡಿಯ ಮುಂದೆ ಕೇಳಿಬರುವ ಸಂವಾದ ಹೀಗಿರುವುದು. "ಹೆಂಗಿತ್ರಿ ಕಾಕಾ ಪಿಕ್ಚರ್?" ಎಂದು ಕಿರಿಯನು ಕೇಳುತ್ತಾನೆ. "ಚಲೋ ಐತಪಾ" ಎಂದೋ, "ಏನೂ ಖರೆ ಇಲ್ಲ ಬಿಡಪಾ" ಎಂದೋ ಹಿರಿಯನು ಒಂದೇ ಉಸಿರಿಗೆ ತೀರ್ಪು ಕೊಟ್ಟುಬಿಡುತ್ತಾನೆ. ತೀರ್ಪು ಸರಿಯಾಗಿರಬಹುದು. ಆದರೆ ಕಿರಿಯನು ಅಲ್ಲಿಗೆ ಬಿಡದೆ, "ಯಾಕ್ರಿ?" ಎಂದು ಕೇಳಿದಾಗಲೇ ನಿಜವಾದ ರಸಿಕತೆಯ ಆರಂಭ. ಈ "ಯಾಕೆ" ಎಂಬ ಪ್ರಶ್ನೆಗೆ ಉತ್ತರ ಹೇಳುವ ಬಗೆಯನ್ನು ಕೆಲವು ಉದಾಹರಣೆಗಳಿಂದ ವಿಚಾರ ಮಾಡೋಣ.

ಮೆಚ್ಚಿದ ಚಿತ್ರಗಳ ಸಾಲಿನಲ್ಲಿ ನಾವು ಮೊದಲು ಹೆಸರಿಸುವುದು 1936ರ ಮರಾಠಿ 'ಸಂತ ತುಕಾರಾಮ'. ದಾಮ್ಲೆ ಮತ್ತು ಫತ್ತೇಲಾಲರು ಪ್ರಭಾತ್‌ನಲ್ಲಿ ನಿರ್ದೇಶಿಸಿದ ಈ ಚಿತ್ರ 1937ರಲ್ಲಿ ವೆನಿಸ್ ನಗರದ ಚಿತ್ರೋತ್ಸವದಲ್ಲಿ ಗೌರವ ಪಡೆಯಿತು. ಆದರೆ ವೆನಿಸಿನ ಗೌರವ ನಮ್ಮ ಮೆಚ್ಚಿಕೆಗೆ ಕಾರಣವಲ್ಲ. ಕಾರಣವೇನೆಂದರೆ, ತುಕಾರಾಮನಾದ ವಿಷ್ಣುಪಂತ ಪಾಗನೀಸರ ಎದುರಿಗೆ ಆತನ ಹೆಂಡತಿ ಜಿಜಾಯಿಯಾಗಿ ನಿಂತ ಗೌರಿ ಎಂಬಾಕೆ. ಗಂಡನಿಗೆ ವಿಠ್ಠಲನ ಧ್ಯಾನ. ಆಕೆಗೆ ಮಕ್ಕಳ ಹೊಟ್ಟೆಯ ಚಿಂತೆ. ದೇವರ ಮೇಲೆಯೇ ಸಿಡಿದೇಳುವ ಆ ಹೆಂಗಸು ಭಕ್ತಿಯ ಕಥೆಯೊಳಗೆ ಸಂಸಾರದ ಪರವಾಗಿ ವಾದಿಸುತ್ತಾಳೆ. ಭಕ್ತನನ್ನು ಕೊಂಡಾಡುವ ಚಿತ್ರವೊಂದು ಭಕ್ತನ ಹೆಂಡತಿಯ ಅಳಲಿಗೂ ಅಷ್ಟೇ ಎಡೆಗೊಟ್ಟದ್ದು ನಮ್ಮ ಮೆಚ್ಚಿಕೆಯ ಮೂಲ. ಹೀಗೆ ಕಾರಣವನ್ನು ಬೆರಳಿಟ್ಟು ತೋರಿಸಿದರೆ, ಆ ಚಿತ್ರವನ್ನು ನೋಡದವನಿಗೂ ನೋಡಬೇಕೆನ್ನಿಸುವುದು. ನೋಡಿದವನು ಮತ್ತೊಮ್ಮೆ ಅದೇ ಕಣ್ಣಿನಿಂದ ನೋಡಬಹುದು.

ಅದೇ ಕಥೆ 1963ರಲ್ಲಿ ಸುಂದರರಾವ್ ನಾಡಕರ್ಣಿಯವರ ನಿರ್ದೇಶನದಲ್ಲಿ 'ಸಂತ ತುಕಾರಾಂ' ಎಂದು ಕನ್ನಡದಲ್ಲಿ ಬಂದಿತು. ತುಕಾರಾಮನ ಪಾತ್ರ ರಾಜಕುಮಾರರದು. ಎರಡನ್ನೂ ಬಲ್ಲ ಗಡಿನಾಡಿನವನನ್ನು ಯಾವುದು ಮೇಲು ಎಂದು ಕೇಳಿದರೆ, ಆತನು ಜಾಣನಾಗಿದ್ದರೆ ಒಂದೇ ಮಾತಿನಲ್ಲಿ ಉತ್ತರ ಕೊಡಲಾರನು. ಪಾಗನೀಸರಲ್ಲಿ ನಟನೇ ಕಾಣುವುದಿಲ್ಲ, ದೇಹೂ ಗ್ರಾಮದ ಒಬ್ಬ ಸಾಧು ಮನುಷ್ಯನು ಕಾಣುತ್ತಾನೆ. ರಾಜಕುಮಾರರಲ್ಲಿ ಒಬ್ಬ ಮಹಾನಟನು ತನ್ನ ಕಲೆಯನ್ನೆಲ್ಲ ಸಂತನ ಪಾದಕ್ಕೆ ಒಪ್ಪಿಸುತ್ತಿರುವುದು ಕಾಣುತ್ತದೆ. ನಮಗೆ ಹಿಂದಿನದು ಹೆಚ್ಚು ಹತ್ತಿರ. ಇದನ್ನು ಹೇಳುವುದರಿಂದ ನಮ್ಮ ಕನ್ನಡತನಕ್ಕೆ ಕೊರತೆಯೇನೂ ಬಂದಿಲ್ಲ. ಬೇರೊಬ್ಬನು ಎರಡನೆಯದನ್ನು ಮೇಲೆಂದರೆ, ಅದರ ಕಾರಣವನ್ನೂ ಕೇಳಲು ನಾವು ಸಿದ್ಧರು.

ಇನ್ನು ನಿರಾಶೆಯ ವಿಚಾರ. ಕೆಟ್ಟ ಚಿತ್ರವೆಲ್ಲವೂ ನಿರಾಶೆಗೊಳಿಸುವುದಿಲ್ಲ. ಯಾವುದರಿಂದ ಏನನ್ನೂ ಅಪೇಕ್ಷಿಸಿರಲಿಲ್ಲವೋ ಅದು ಕೆಟ್ಟಿದ್ದರೆ ಟಿಕೀಟಿನ ಹಣ ಹೋಯಿತೆಂದು ಸುಮ್ಮನಾಗುವೆವು. ನಿರಾಶೆ ಹುಟ್ಟುವುದು ಆಸೆಯಿದ್ದಲ್ಲಿ ಮಾತ್ರ. ಇದಕ್ಕೆ ಬಾಲಗಂಧರ್ವರ ಚಿತ್ರಗಳೇ ದೃಷ್ಟಾಂತ. ಮರಾಠೀ ರಂಗಭೂಮಿಯಲ್ಲಿ ಸ್ತ್ರೀಪಾತ್ರಕ್ಕೆ ಅವರನ್ನು ಮೀರಿಸಿದವರಿರಲಿಲ್ಲ. ಅವರ ಗಾಯನಕ್ಕೆ ಕನ್ನಡ ನಾಡೂ ಮಾರುಹೋಗಿತ್ತು. 1935ರಲ್ಲಿ ಪ್ರಭಾತ್‌ನವರ 'ಧರ್ಮಾತ್ಮಾ' ಚಿತ್ರದಲ್ಲಿ ಅವರು ಸಂತ ಏಕನಾಥರಾಗಿ ಪುರುಷವೇಷದಲ್ಲಿ ಬಂದರು. ಮೊದಲು 'ಮಹಾತ್ಮಾ' ಎಂದಿದ್ದ ಹೆಸರನ್ನು ಅಂದಿನ ಸರಕಾರದ ಸೆನ್ಸಾರಿನವರು ಒಪ್ಪದಿದ್ದುದರಿಂದ ಬದಲಾಯಿಸಬೇಕಾಯಿತು. ಅಸ್ಪೃಶ್ಯತೆಯನ್ನು ಖಂಡಿಸುವ ಆ ಚಿತ್ರ ಉದ್ದೇಶದಲ್ಲಿ ಉದಾತ್ತವೇ ಸರಿ. ಆದರೂ ಗಂಧರ್ವರ ಶಾಲು ಸೀರೆಯ ಸೊಬಗನ್ನು ಕಣ್ಣಿನಲ್ಲಿ ತುಂಬಿಕೊಂಡವರಿಗೆ ಏಕನಾಥನ ವೇಷ ಬರಿದೆನಿಸಿದರೆ ಆಶ್ಚರ್ಯವಿಲ್ಲ. 1937ರಲ್ಲಿ ಬಾಬುರಾವ್ ಪೇಂಟರರ 'ಸಾಧ್ವೀ ಮೀರಾಬಾಯಿ'ಯಲ್ಲಿ ಅವರು ಸ್ತ್ರೀವೇಷದಲ್ಲಿಯೇ ಬಂದರು. ಆಗ ಅವರ ವಯಸ್ಸು ಐವತ್ತರ ಸಮೀಪ. ರಂಗದ ದೀಪವು ದೂರದಿಂದ ಕ್ಷಮಿಸಿದ್ದನ್ನು ಕ್ಯಾಮರಾ ಹತ್ತಿರದಿಂದ ಕ್ಷಮಿಸುವುದಿಲ್ಲ. ಅನಂತರ ಅವರು ರಂಗಭೂಮಿಗೇ ಹಿಂದಿರುಗಿದರು.

ಇಲ್ಲಿ ತಪ್ಪು ಯಾರದು? ನಟನದೂ ಅಲ್ಲ, ಪ್ರೇಕ್ಷಕನದೂ ಅಲ್ಲ. ಒಂದು ಕಲೆಯ ರೂಢಿಯನ್ನು ಇನ್ನೊಂದು ಕಲೆ ಹಾಗೆಯೇ ಹೊರಲಾರದೆಂಬುದು ಈ ನಿರಾಶೆಯಿಂದ ನಮಗೆ ತಿಳಿದ ಪಾಠ. ಪಾಗನೀಸರೂ ರಂಗಭೂಮಿಯಲ್ಲಿ ಸ್ತ್ರೀಪಾತ್ರ ಮಾಡಿದವರೇ ಎಂಬುದನ್ನು ನೆನೆದರೆ ಪಾಠ ಇನ್ನೂ ಸ್ಪಷ್ಟವಾಗುವುದು. ಒಬ್ಬರು ರಂಗದ ಚಾಳಿಯನ್ನು ಬಾಗಿಲ ಹೊರಗೆ ಬಿಟ್ಟು ಬಂದರು. ಇನ್ನೊಬ್ಬರ ಕೀರ್ತಿಯೇ ಅದನ್ನು ಬಿಡಗೊಡಲಿಲ್ಲ. ನಿರಾಶೆಯನ್ನು ಹೀಗೆ ಬಿಡಿಸಿ ನೋಡಿದರೆ ಅದೂ ವಿದ್ಯೆಯೇ.

ನಿರಾಶೆ ಆಸೆಯ ನೆರಳೆಂಬುದಕ್ಕೆ ಕನ್ನಡದಿಂದಲೂ ಒಂದು ದೃಷ್ಟಾಂತ ಕೊಡಬಹುದು. 1972ರಲ್ಲಿ ಪುಟ್ಟಣ್ಣ ಕಣಗಾಲರು ತ. ರಾ. ಸುಬ್ಬರಾಯರ ಕಾದಂಬರಿಗಳನ್ನು ಆಧರಿಸಿ 'ನಾಗರಹಾವು' ಚಿತ್ರವನ್ನು ತೆಗೆದರು. ಜನ ಅದನ್ನು ತಲೆಯ ಮೇಲೆ ಹೊತ್ತು ಮೆರೆಸಿದರು. ವಿಷ್ಣುವರ್ಧನರು ಒಂದೇ ಚಿತ್ರದಿಂದ ನಾಯಕರಾದರು. ಆದರೆ ಕಾದಂಬರಿಯನ್ನು ಬರೆದವರಿಗೆ ತೃಪ್ತಿಯಾಗಲಿಲ್ಲ. ತಮ್ಮ ನಾಗರಹಾವನ್ನು ಕೇರೆಹಾವು ಮಾಡಿಬಿಟ್ಟರೆಂದು ಅವರು ನೊಂದು ನುಡಿದರೆಂಬ ಮಾತು ಪ್ರಸಿದ್ಧವಾಗಿದೆ. ಸಾವಿರಾರು ಜನರ ಮೆಚ್ಚಿನ ಚಿತ್ರ ಒಬ್ಬ ಮಹನೀಯರ ನಿರಾಶೆಯ ಚಿತ್ರವಾಯಿತು. ಎರಡು ತೀರ್ಪುಗಳೂ ಸತ್ಯವೇ. ಏಕೆಂದರೆ ಎರಡೂ ಕಡೆಯವರು ತೂಗಿದ್ದು ಬೇರೆ ಬೇರೆ ಕಲ್ಲುಗಳಿಂದ. ಆದುದರಿಂದ "ನನಗೆ ಬೇಸರವಾಯಿತು" ಎನ್ನುವವನು "ನಾನು ಇಂಥದನ್ನು ನಿರೀಕ್ಷಿಸಿದ್ದೆ" ಎಂಬುದನ್ನೂ ಸೇರಿಸಿ ಹೇಳುವುದು ನ್ಯಾಯ. ಆಗ ಕೇಳುವವನು ತನ್ನ ಕಲ್ಲನ್ನು ತೆಗೆದು ತೂಗಿಕೊಳ್ಳಬಹುದು.

ಅದೇ ವರ್ಷ ಬಂದ 'ಬಂಗಾರದ ಮನುಷ್ಯ' ನಮ್ಮ ಸೀಮೆಯಲ್ಲಿ ಬೇರೆಯ ಕಾರಣಕ್ಕೆ ಮೆಚ್ಚಿಕೆಯಾಗತಕ್ಕ ಚಿತ್ರ. ಟಿ. ಕೆ. ರಾಮರಾಯರ ಕಾದಂಬರಿಯನ್ನು ಸಿದ್ಧಲಿಂಗಯ್ಯನವರು ತೆರೆಗೆ ತಂದರು. ಅಥಣಿಯ ಪೂರ್ವಭಾಗ ಮಳೆಗೆ ಬಾಯಿಬಿಟ್ಟು ಕೂರುವ ಒಣನೆಲ. ಪಶ್ಚಿಮಕ್ಕೆ ಬಂದರೆ ಕೃಷ್ಣೆಯ ದಡದಲ್ಲಿ ಕಣ್ಣು ಹಾಯುವಷ್ಟು ದೂರ ಕಬ್ಬು. ಬರಡು ಭೂಮಿಯನ್ನು ದುಡಿದು ಹಸನುಮಾಡುವ ಕಥೆ ಇಲ್ಲಿಯವರಿಗೆ ಬರಿಯ ಕಥೆಯಲ್ಲ. ಪಟ್ಟಣದವರು ಅದರಲ್ಲಿ ಆದರ್ಶವನ್ನು ಕಂಡರೆ, ಒಕ್ಕಲಿಗನು ಬಾವಿಯ ಆಳವನ್ನೂ ಎತ್ತಿನ ಮೈಯನ್ನೂ ಕಾಣುತ್ತಾನೆ. ಊರಿಗೆಲ್ಲ ಒಳ್ಳೆಯದು ಮಾಡಿದ ನಾಯಕನು ಕೊನೆಗೆ ಎಲ್ಲವನ್ನೂ ಬಿಟ್ಟು ಹೊರಟುಹೋಗುವುದು ಸರಿಯೇ ಎಂಬ ಚರ್ಚೆಗೆ ಇಂದಿಗೂ ಮುಗಿವಿಲ್ಲ. ದುಡಿದವನು ಹೊಲ ಬಿಟ್ಟು ಹೋಗಬಾರದೆಂದು ಒಬ್ಬ. ಮಾನ ಹೋದ ಮನೆಯಲ್ಲಿ ಒಕ್ಕಲುತನವೇಕೆಂದು ಇನ್ನೊಬ್ಬ. ಇಂತಹ ಚರ್ಚೆಯನ್ನು ಹುಟ್ಟಿಸಿದ್ದೇ ಆ ಚಿತ್ರದ ಗೆಲುವು.

ಈಗ ನಮ್ಮ ಸೀಮೆಯವರ ಒಂದು ಹಳೆಯ ಕೊರಗನ್ನು ನಗರವಾಸಿಗಳಾದ ಶ್ರೋತೃಗಳ ಮುಂದೆ ಇಡಬೇಕಾಗಿದೆ. 1961ರಲ್ಲಿ ಬಿ. ಆರ್. ಪಂತುಲು ಅವರು 'ಕಿತ್ತೂರು ಚೆನ್ನಮ್ಮ' ಚಿತ್ರವನ್ನು ತೆಗೆದರು, ಬಿ. ಸರೋಜಾದೇವಿಯವರು ರಾಣಿಯಾದರು. ನಮ್ಮ ಜಿಲ್ಲೆಯ ವೀರಮಾತೆ ತೆರೆಯ ಮೇಲೆ ಬಂದಳೆಂಬ ಹೆಮ್ಮೆ ಇಲ್ಲಿಯ ಯಾರಿಗೆ ತಾನೆ ಇಲ್ಲ? ಆದರೆ ಆಕೆ ಆಡಿದ ಕನ್ನಡ ಕಿತ್ತೂರಿನ ಕನ್ನಡವಾಗಿರಲಿಲ್ಲ. ಅದನ್ನಾದರೂ ರಾಜಸಭೆಯ ಗ್ರಂಥಭಾಷೆಯೆಂದು ಒಪ್ಪಬಹುದು. ಒಪ್ಪಲಾಗದ್ದು ಬೇರೆ. ಅನೇಕ ಚಿತ್ರಗಳಲ್ಲಿ ನಮ್ಮ ಕಡೆಯ ಮಾತು ಕೇಳಿಬರುವುದು ನಗೆಗಾರನ ಬಾಯಿಂದ ಮಾತ್ರ. ನಾಯಕನು ಪ್ರೀತಿಸುವಾಗ, ತಾಯಿ ಅಳುವಾಗ, ನ್ಯಾಯಾಧೀಶನು ತೀರ್ಪು ಹೇಳುವಾಗ ಒಂದು ಕನ್ನಡ. ಹಾಸ್ಯಕ್ಕೆ ಮಾತ್ರ ನಮ್ಮ ಕನ್ನಡ. "ಐತಿ" ಎಂದೊಡನೆ ಸಭೆಯೆಲ್ಲ ನಕ್ಕರೆ, ಮನೆಯಲ್ಲಿ "ಐತಿ" ಎಂದೇ ಅತ್ತು ನಕ್ಕು ಬಾಳುವವನಿಗೆ ಏನೆನ್ನಿಸಬೇಕು? ಇದು ಒಂದು ಚಿತ್ರದ ನಿರಾಶೆಯಲ್ಲ, ಹಲವು ದಶಕಗಳ ನಿರಾಶೆ. ಗಡಿನಾಡಿನ ಕನ್ನಡಿಗನು ಮರಾಠೀ ಚಿತ್ರಗಳ ಕಡೆಗೆ ವಾಲಿದನೆಂದು ದೂರುವವರು ಈ ಕಾರಣವನ್ನೂ ಗಣನೆಗೆ ತೆಗೆದುಕೊಳ್ಳಬೇಕು.

ಹೀಗಿರುವುದರಿಂದಲೇ ಚಂದ್ರಶೇಖರ ಕಂಬಾರರ ಚಿತ್ರಗಳನ್ನು ನಾವು ಬೇರೆಯೇ ಆದರದಿಂದ ಕಾಣುತ್ತೇವೆ. ಚಿಕ್ಕೋಡಿಗೆ ನೆರೆಯ ಹುಕ್ಕೇರಿ ತಾಲೂಕಿನ ಘೋಡಗೇರಿಯಲ್ಲಿ ಹುಟ್ಟಿದ ಅವರು 'ಕರಿಮಾಯಿ', 'ಕಾಡುಕುದುರೆ' ಮೊದಲಾದ ಚಿತ್ರಗಳನ್ನು ತಾವೇ ನಿರ್ದೇಶಿಸಿದರು. 'ಕಾಡುಕುದುರೆ'ಯ ಹಾಡಿಗಾಗಿ ಶಿವಮೊಗ್ಗ ಸುಬ್ಬಣ್ಣನವರಿಗೆ ರಾಷ್ಟ್ರಪ್ರಶಸ್ತಿ ದೊರೆಯಿತು. ಆ ಚಿತ್ರ ನಡೆಯಲ್ಲಿ ನಿಧಾನವೆಂದು ಕೆಲವರು ಹೇಳುವುದುಂಟು. ಅದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ನಮ್ಮ ಮಾತು ಅಲ್ಲಿ ನಗೆಗೀಡಾಗಲಿಲ್ಲ. ಹಾಡಾಯಿತು, ಭಯವಾಯಿತು, ಬಯಕೆಯಾಯಿತು. ಮೆಚ್ಚಿನ ಚಿತ್ರ ದೋಷರಹಿತವಾಗಿರಬೇಕೆಂಬ ನಿಯಮವೇನೂ ಇಲ್ಲ. ಬೇರೆಲ್ಲಿಯೂ ಸಿಗದ ಒಂದನ್ನು ಅದು ಕೊಟ್ಟರೆ ಸಾಕು.

ಇತ್ತೀಚಿನ ಕಾಲದ ಉದಾಹರಣೆಯೊಂದನ್ನು ನೋಡಿ. 2016ರಲ್ಲಿ ನಾಗರಾಜ ಮಂಜುಳೆಯವರ 'ಸೈರಾಟ್' ಬಂದಿತು. ಅದುವರೆಗೆ ಯಾವ ಮರಾಠೀ ಚಿತ್ರವೂ ಗಳಿಸದಷ್ಟು ಹಣವನ್ನು ಅದು ಗಳಿಸಿತು. ಸೊಲ್ಲಾಪುರ ಸೀಮೆಯ ಆಡುಮಾತು, ಕಬ್ಬು ಬಾಳೆಗಳ ತೋಟ, ಜಾತಿಯ ಗೋಡೆ, ಇವೆಲ್ಲ ನಮ್ಮ ನೆಲಕ್ಕೆ ಅಪರಿಚಿತವಲ್ಲ. ಕಡೆಯ ದೃಶ್ಯದಲ್ಲಿ ಸದ್ದೆಲ್ಲ ಅಡಗಿ, ಮಗುವಿನ ರಕ್ತದ ಹೆಜ್ಜೆಗಳು ಮಾತ್ರ ಕಾಣುವಾಗ, ಅಲ್ಲಿಯವರೆಗೆ ಸಿಳ್ಳೆ ಹಾಕಿದ ಸಭೆಯೇ ಉಸಿರು ಬಿಗಿಹಿಡಿಯಬೇಕಾಗುವುದು. 2017ರಲ್ಲಿ ಎಸ್. ನಾರಾಯಣ್ ಅವರು ಅದನ್ನು 'ಮನಸು ಮಲ್ಲಿಗೆ' ಎಂದು ಕನ್ನಡದಲ್ಲಿ ತೆಗೆದರು. ನಾಯಕಿ ಅದೇ ರಿಂಕೂ ರಾಜಗುರು. ಮೂಲವನ್ನು ಕಾಣದವರಿಗೆ ಅದು ಹಿಡಿಸಿದ್ದರೆ ಅವರೊಡನೆ ನಮ್ಮ ಜಗಳವಿಲ್ಲ. ಆದರೆ ಮೂಲದ ಬಲ ಕಥೆಯಲ್ಲಿರಲಿಲ್ಲ, ಒಂದು ನೆಲದ ನುಡಿಯಲ್ಲಿಯೂ ನಡೆಯಲ್ಲಿಯೂ ಇತ್ತು. ಕಥೆಯನ್ನು ಕಿತ್ತು ಬೇರೆಡೆ ನೆಟ್ಟಾಗ ಬೇರಿನ ಮಣ್ಣು ಉದುರಿಹೋಯಿತು. ಅದೇ ಕಥೆಯನ್ನು ರಾಯಬಾಗದ ಕಬ್ಬಿನ ಗದ್ದೆಯಲ್ಲಿಟ್ಟು, ರಾಯಬಾಗದ ಕನ್ನಡದಲ್ಲಿ ಹೇಳಿದ್ದರೆ! ನಮ್ಮ ನಿರಾಶೆಯೊಳಗೆ ಅಡಗಿರುವ ಆಸೆ ಇದು.

ಕೊನೆಯದಾಗಿ, ಎಲ್ಲರೂ ನೋಡಬೇಕಾಗಿದ್ದು ಕೆಲವರೇ ನೋಡಿದ ಒಂದು ಚಿತ್ರವನ್ನು ಹೇಳಬೇಕು. ನಿಪ್ಪಾಣಿ ತಂಬಾಕಿನ ಪೇಟೆಯೆಂಬುದು ಎಲ್ಲರಿಗೂ ತಿಳಿದದ್ದೇ. ಅಲ್ಲಿಯ ತಂಬಾಕಿನ ಕಾರ್ಖಾನೆಗಳಲ್ಲಿ ಧೂಳು ಕುಡಿದು ದುಡಿದ ಹೆಂಗಸರು ಸಂಘ ಕಟ್ಟಿದ ಕಥೆಯನ್ನು 'ಯುಗಾಂತರ' ಎಂಬ ಮಹಿಳಾ ಚಿತ್ರತಂಡದವರು 1982ರಲ್ಲಿ 'ತಂಬಾಕು ಚಾಕಿಲಾ ಊಬ್ ಆಲಿ' ಎಂಬ ಸಾಕ್ಷ್ಯಚಿತ್ರವಾಗಿ ತೆಗೆದರು. ದೀಪಾ ಧನರಾಜ್ ಅವರು ಆ ತಂಡದಲ್ಲಿ ಪ್ರಮುಖರು. ಅರ್ಧ ಗಂಟೆಯೂ ಇಲ್ಲದ ಆ ಚಿತ್ರದಲ್ಲಿ ನಾಯಕನಿಲ್ಲ, ನಾಯಕಿಯಿಲ್ಲ; ಕೆಲಸದ ಹೆಂಗಸರೇ ತಮ್ಮ ಕೂಲಿಯನ್ನೂ ತಾವು ಪಟ್ಟ ಅವಮಾನವನ್ನೂ ತಮ್ಮ ಹೋರಾಟವನ್ನೂ ಹೇಳುತ್ತಾರೆ. ಇತ್ತೀಚಿನ ವರ್ಷಗಳಲ್ಲಿ ಬರ್ಲಿನ್ ನಗರದ ಆರ್ಸೆನಾಲ್ ಎಂಬ ಸಂಸ್ಥೆಯು ಅದನ್ನು ಜೀರ್ಣೋದ್ಧಾರ ಮಾಡಿ ಉಳಿಸಿತು. ಕೊಲ್ಲಾಪುರದಲ್ಲಿ ತಯಾರಾದ ನಮ್ಮ ಮೊದಲ ವಾಕ್ಚಿತ್ರ ಕಳೆದುಹೋಯಿತು. ನಿಪ್ಪಾಣಿಯ ಕೂಲಿಹೆಂಗಸರ ಚಿತ್ರ ದೂರದ ಜರ್ಮನಿಯವರ ಆರೈಕೆಯಲ್ಲಿ ಉಳಿಯಿತು. ಇಲ್ಲಿ ನಿರಾಶೆ ಚಿತ್ರದ ವಿಷಯವಾಗಿ ಅಲ್ಲ. ಅದನ್ನು ಹುಡುಕಿ ನೋಡದ ಪ್ರೇಕ್ಷಕವರ್ಗದ ವಿಷಯವಾಗಿ.

ಮಹಾಶಯರೇ, ಇಷ್ಟರಿಂದ ನಮ್ಮ ಅಭಿಪ್ರಾಯ ಸ್ಪಷ್ಟವಾಗಿರಬಹುದು. ಮೆಚ್ಚಿದುದನ್ನು ಹೇಳುವಾಗ, ಮೆಚ್ಚಿಸಿದ ಸ್ಥಾನವನ್ನು ಬೆರಳಿಟ್ಟು ತೋರಿಸಬೇಕು. ನಿರಾಶೆಯನ್ನು ಹೇಳುವಾಗ, ಮೊದಲು ಪಟ್ಟ ಆಸೆಯನ್ನೂ ಹೇಳಬೇಕು. ಎರಡನ್ನೂ ಹೇಳುವಾಗ, ಚಿತ್ರ ಯಾರ ನುಡಿಯದೆಂಬುದನ್ನು ತಕ್ಕಡಿಯಲ್ಲಿ ಹಾಕಬಾರದು. ಕನ್ನಡಿಗನೊಬ್ಬನು ಜಿಜಾಯಿಯನ್ನು ಹೊಗಳುವಾಗ ಮರಾಠೀ ನೆರೆಯವನು ಹಿಗ್ಗುತ್ತಾನೆ. ಆ ನೆರೆಯವನು 'ಬಂಗಾರದ ಮನುಷ್ಯ'ನನ್ನು ನೆನೆದು ನಿಟ್ಟುಸಿರು ಬಿಟ್ಟರೆ ಕನ್ನಡಿಗನಿಗೂ ಹಾಗೆಯೇ. ಗಡಿಯ ಕಲ್ಲನ್ನು ಎಲ್ಲಿ ನೆಡಬೇಕೆಂಬುದನ್ನು ನ್ಯಾಯಾಸ್ಥಾನ ಹೇಳಲಿ. ಆಟ ಮುಗಿಸಿ ಒಂದೇ ಬಸ್ಸಿನಲ್ಲಿ ಊರಿಗೆ ಹಿಂದಿರುಗುವ ಇಬ್ಬರು "ಯಾಕ್ರಿ?" ಎಂದು ಒಬ್ಬರನ್ನೊಬ್ಬರು ಕೇಳಿ, ಸಾವಧಾನದಿಂದ ಉತ್ತರ ಕೇಳಿಸಿಕೊಳ್ಳುವುದಕ್ಕೆ ಯಾರ ಅಪ್ಪಣೆಯೂ ಬೇಕಾಗಿಲ್ಲ.

ನಿಮ್ಮ ಮೆಚ್ಚಿನ ಚಿತ್ರ ಯಾವುದು, ನಿಮ್ಮನ್ನು ನಿರಾಶೆಗೊಳಿಸಿದ್ದು ಯಾವುದು, ಎಂದು ಈ ರಾತ್ರಿ ಊಟದ ಹೊತ್ತಿನಲ್ಲಿ ಮನೆಯವರೆಲ್ಲರೂ ಕೇಳಿಕೊಳ್ಳಿರಿ. ಹೆಸರು ಹೇಳಿ ನಿಲ್ಲಿಸದೆ ಕಾರಣವನ್ನೂ ಹೇಳಿರಿ.